ಕಂಬಳಿ ಗಾಡಿಗೆ ಬಿಸಿಲಿನ ಕರೆಂಟು: ನನ್ನ ಅನುಭವ

ಚಳ್ಳಕೆರೆಯ ಕಂಬಳಿ ತುಂಬಿಕೊಂಡು ಜಾತ್ರೆ, ಸಂತೆ ಸುತ್ತುವ ಸಂಸಾರ ನಮ್ಮದು. ಹಳೆಯ ಟೆಂಪೋ ಟ್ರಾವೆಲರಿನ ಸೀಟುಗಳನ್ನು ತೆಗೆಸಿ ಮನೆ ಮಾಡಿಕೊಂಡಿದ್ದೇವೆ. ಗಾಡಿ ಓಡಿಸುವುದು, ವ್ಯಾಪಾರ ನಮ್ಮ ಯಜಮಾನರದು. ಒಳಗಿನ ಅಡುಗೆ, ನೀರು, ಕರೆಂಟು ನನ್ನ ಪಾಲಿನವು. ಮೊದಲೆಲ್ಲ ಜಾತ್ರೆಯ ಬಯಲಿನಲ್ಲಿ ಜನರೇಟರಿನವರಿಂದ ಒಂದು ವೈರು ಎಳೆಸಿಕೊಳ್ಳುತ್ತಿದ್ದೆವು. ರಾತ್ರಿ ಅವರು ಬಂದ್ ಮಾಡಿದರೆ ನಮಗೂ ಕತ್ತಲೆ. ಜೊತೆಗಿರುವ ಅತ್ತೆಯವರಿಗೆ ಇನ್ಸುಲಿನ್ ಶುರುವಾದ ಮೇಲೆ ಈ ಏರ್ಪಾಡು ಸಾಗಲಿಲ್ಲ. ಬಾಟಲಿ ತೆರೆಯುವವರೆಗೆ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗೆ ಇರಬೇಕು. ಏಪ್ರಿಲ್ ಬಿಸಿಲಿಗೆ ನಮ್ಮ ಗಾಡಿಯ ಒಳಗೆ 40 ದಾಟುತ್ತದೆ. ಫ್ರಿಜ್ ಯಾವ ಕಾರಣಕ್ಕೂ ನಿಲ್ಲಬಾರದೆಂದು ಸೋಲಾರಿಗೆ ಬಂದೆವು.

ಪ್ಯಾನೆಲ್ ಕೊಳ್ಳುವ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದೆ. ಯಾವ ಸಾಮಾನು ಎಷ್ಟು ವ್ಯಾಟ್, ದಿನಕ್ಕೆ ಎಷ್ಟು ಹೊತ್ತು. ಬರೆದು ನೋಡಿದಾಗ ನನ್ನ ಅಂದಾಜೆಲ್ಲ ತಿರುಗುಮುರುಗಾಯಿತು. 500 ವ್ಯಾಟಿನ ಮಿಕ್ಸಿಯಲ್ಲಿ ಶೇಂಗಾ ಚಟ್ನಿ ಐದು ನಿಮಿಷ ತಿರುವಿದರೆ 40 ವ್ಯಾಟ್-ಅವರ್ ಚಿಲ್ಲರೆ (ಸಾವಿರ ವ್ಯಾಟ್-ಅವರ್ ಸೇರಿದರೆ ಒಂದು ಯೂನಿಟ್). ಸದ್ದೇ ಮಾಡದ 75 ವ್ಯಾಟಿನ ಮಾಮೂಲಿ ಫ್ಯಾನ್ ರಾತ್ರಿ ಹತ್ತು ಗಂಟೆ ತಿರುಗಿದರೆ ಮುಕ್ಕಾಲು ಯೂನಿಟ್! ಎರಡು ಫ್ಯಾನಿಗೆ ಒಂದೂವರೆ. ಅದಕ್ಕೇ ಮೊದಲ ಹಣ ಹಾಕಿದ್ದು ಪ್ಯಾನೆಲ್ಲಿಗಲ್ಲ, 24 ವೋಲ್ಟಿನಲ್ಲೇ ತಿರುಗುವ 28 ವ್ಯಾಟಿನ ಎರಡು ಬಿಎಲ್‌ಡಿಸಿ (ಕಡಿಮೆ ಕರೆಂಟಿನ ಮೋಟಾರಿನ) ಫ್ಯಾನಿಗೆ. ಖರ್ಚು ಇಳಿಸಿದ ಮೇಲೆಯೇ ಉತ್ಪಾದನೆಯ ಮಾತು ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಈಗ ಗಾಡಿಯ ನೆತ್ತಿಯ ಮೇಲೆ 335 ವ್ಯಾಟಿನ ಎರಡು ಪ್ಯಾನೆಲ್, ಪ್ಯಾನೆಲ್ಲಿನಿಂದ ಆದಷ್ಟು ಹೆಚ್ಚು ಕರೆಂಟು ಪಡೆದು ಬ್ಯಾಟರಿಗೆ ತುಂಬುವ ಎಂಪಿಪಿಟಿ ಚಾರ್ಜ್ ಕಂಟ್ರೋಲರ್, 24 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಾಗಿ ಬದಲಿಸುವ 1500 ವ್ಯಾಟಿನ ಇನ್ವರ್ಟರ್ ಇವೆ. ಬ್ಯಾಟರಿ ತುಂಬಿದರೆ ಸುಮಾರು ಎರಡೂವರೆ ಯೂನಿಟ್. ಒಳ್ಳೆಯ ಬಿಸಿಲಿನ ದಿನ ಪ್ಯಾನೆಲ್ಲಿನಿಂದ ಬರುವುದೂ ಹೆಚ್ಚುಕಡಿಮೆ ಅಷ್ಟೇ. 12 ವೋಲ್ಟ್ ಬೇಡವೆಂದಿದ್ದಕ್ಕೆ ಕಾರಣವಿದೆ. 700 ವ್ಯಾಟಿನ ರೈಸ್ ಕುಕ್ಕರಿಗೆ 12 ವೋಲ್ಟಿನಲ್ಲಿ 60 ಆಂಪಿಯರ್ ಹರಿಯಬೇಕು, 24ರಲ್ಲಿ 30 ಸಾಕು. ಕರೆಂಟು ಅರ್ಧವಾದರೆ ಅದೇ ತಂತಿಯಲ್ಲಿ ಹುಟ್ಟುವ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ಕಂಬಳಿ ತುಂಬಿದ ಗಾಡಿಯಲ್ಲಿ ತಂತಿ ಕಾಯುವುದೆಂದರೆ ನನಗೆ ನಿದ್ದೆ ಬರುವುದಿಲ್ಲ. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ ಫ್ಯೂಸ್ ಹಾಕಿಸಿದ್ದೇನೆ. ಇನ್ವರ್ಟರಿಗೆ ಹೋಗುವ ಕೇಬಲ್ ದಪ್ಪನಾದದ್ದು, ಉದ್ದ ಒಂದು ಮೊಳ ಮಾತ್ರ. ಇನ್ವರ್ಟರ್ ಪ್ಯೂರ್ ಸೈನ್ ವೇವ್‌ನದ್ದೇ (ಮನೆಯ ಕರೆಂಟಿನಂತೆ ನಯವಾದ ಅಲೆ ಕೊಡುವಂಥದ್ದು) ಇರಲಿ; ಅಗ್ಗದವುಗಳ ಮೇಲೆ ಮಿಕ್ಸಿ ಗೊರಗುಟ್ಟುತ್ತದೆ, ಮೋಟಾರು ಕಾಯುತ್ತದೆ.

ವೈರಿಂಗ್ ಮಾಡಿದ ದಾವಣಗೆರೆಯ ಹುಡುಗ ಹೊರಡುವಾಗ, "ಅಕ್ಕಾ, ಕೆಲಸವಿಲ್ಲದಿದ್ದರೂ ಇನ್ವರ್ಟರ್ ಕರೆಂಟು ತಿನ್ನುತ್ತದೆ, ರಾತ್ರಿ ಆರಿಸಿಬಿಡಿ" ಎಂದ. ಮೀಟರ್ ನೋಡಿದೆ. ಏನೂ ಹಾಕದಿದ್ದರೂ 18 ವ್ಯಾಟ್. ಇಪ್ಪತ್ತನಾಲ್ಕು ಗಂಟೆ ಬಿಟ್ಟರೆ 430 ವ್ಯಾಟ್-ಅವರ್, ಅಂದರೆ ಬಹುಪಾಲು ನಮ್ಮ ಫ್ರಿಜ್ ದಿನಕ್ಕೆ ತಿನ್ನುವಷ್ಟು! ಆದ್ದರಿಂದ 45 ಲೀಟರಿನ ಫ್ರಿಜ್, ಫ್ಯಾನ್, ದೀಪ, ಮೊಬೈಲ್ ಚಾರ್ಜರ್ ಎಲ್ಲವೂ ನೇರ ಬ್ಯಾಟರಿಯಿಂದಲೇ ನಡೆಯುತ್ತವೆ. ಇನ್ವರ್ಟರ್ ಹಗಲು ಮೂರು ನಾಲ್ಕು ತಾಸು ಮಾತ್ರ. ಇನ್ಸುಲಿನ್ ಡಬ್ಬಿಯನ್ನು ಫ್ರಿಜ್ಜಿನ ತಣ್ಣನೆಯ ಗೋಡೆಗೆ ತಾಗದಂತೆ, ಒಂದು ಥರ್ಮಾಮೀಟರಿನ ಜೊತೆ ನಡುವೆ ಇಟ್ಟಿದ್ದೇನೆ. ಹೆಪ್ಪುಗಟ್ಟಿದ ಇನ್ಸುಲಿನ್ ಎಸೆಯಬೇಕಾಗುತ್ತದೆ.

ಆ ಮೂರು ನಾಲ್ಕು ತಾಸಿನಲ್ಲಿ ಮನೆಯ ಭಾರದ ಕೆಲಸವೆಲ್ಲ ಮುಗಿಯಬೇಕು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬ್ಯಾಟರಿ ಅರ್ಧ ದಾಟಿರುತ್ತದೆ, ಬಿಸಿಲು ಏರುತ್ತಿರುತ್ತದೆ. ಆಗ ದೋಸೆ ಹಿಟ್ಟಿಗೆ ಗ್ರೈಂಡರ್, ಅದು ನಿಂತ ಮೇಲೆ ಅನ್ನದ ಕುಕ್ಕರ್, ಕೊನೆಗೆ ಟ್ಯಾಂಕಿಗೆ ನೀರಿನ ಪಂಪ್. ಒಂದರ ಹಿಂದೆ ಒಂದು, ಎರಡು ಒಟ್ಟಿಗೆ ಇಲ್ಲ. ಅಕ್ಕಿ ಬೇಯುವ ಕರೆಂಟು ಆಗ ನೇರ ಪ್ಯಾನೆಲ್ಲಿನಿಂದ ಬರುತ್ತದೆ, ಬ್ಯಾಟರಿ ಹೆಚ್ಚು ಇಳಿಯುವುದಿಲ್ಲ. "ಮಟಮಟ ಮಧ್ಯಾಹ್ನ ಹಿಟ್ಟು ರುಬ್ಬುವುದೇನಮ್ಮಾ" ಎಂದು ಅತ್ತೆ ಮೊದಮೊದಲು ಗೊಣಗಿದರು. ಸಂಜೆಯ ಹೊತ್ತಿಗೆ ಹಿಟ್ಟು ಉಬ್ಬಿ ಬರುವುದನ್ನು ಕಂಡು ಸುಮ್ಮನಾದರು. ರಾತ್ರಿಯ ಮುದ್ದೆ ಗ್ಯಾಸಿನ ಮೇಲೆಯೇ. ಇಂಡಕ್ಷನ್ ಒಲೆ, ಗೀಸರ್ ಎರಡನ್ನೂ ನಾನು ಗಾಡಿಗೆ ಹತ್ತಿಸಿಲ್ಲ, ಹತ್ತಿಸುವುದೂ ಇಲ್ಲ.

ನೆರಳಿನದೇ ದೊಡ್ಡ ಜಗಳ. ಜಾತ್ರೆಯಲ್ಲಿ ಎಲ್ಲರೂ ಬೇವಿನ ಮರದ ಬುಡ ಹಿಡಿಯಲು ನುಗ್ಗುತ್ತಾರೆ, ನಾವು ಬಟ್ಟಬಯಲು ಹುಡುಕುತ್ತೇವೆ. ಒಂದು ಕೊಂಬೆಯ ನೆರಳು ಪ್ಯಾನೆಲ್ಲಿನ ಮೂಲೆಗೆ ಬಿದ್ದರೂ ಮೀಟರಿನ ಅಂಕಿ ಕುಸಿಯುತ್ತದೆ. ಒಂದರ ನೆರಳು ಇನ್ನೊಂದನ್ನು ಎಳೆಯದಿರಲೆಂದು ಎರಡನ್ನೂ ಪ್ಯಾರಲಲ್ ಆಗಿ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ ಜೋಡಿಸಿದ್ದೇವೆ. ತಗಡಿಗೂ ಪ್ಯಾನೆಲ್ಲಿಗೂ ನಡುವೆ ನಾಲ್ಕು ಬೆರಳು ಗಾಳಿಯಾಡುತ್ತದೆ: ಪ್ಯಾನೆಲ್ ಕಾದಷ್ಟೂ ಕೊಡುವುದು ಕಡಿಮೆ, ಮೇಲಾಗಿ ಗಾಡಿಗೆ ಅದೇ ಚಪ್ಪರ. ಫಾಲ್ಗುಣದ ನಾಯಕನಹಟ್ಟಿ ಜಾತ್ರೆಯಲ್ಲಂತೂ ಧೂಳು ಒಂದೇ ದಿನಕ್ಕೆ ಪದರವಾಗಿ ಕೂರುತ್ತದೆ. ಮುಂಜಾನೆ ಗಾಜು ತಣ್ಣಗಿರುವಾಗಲೇ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ.

ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಗುಡ್ಡಗಳ ಗಾಳಿಯಂತ್ರಗಳು ಭರ್ರನೆ ತಿರುಗುವ ಆಷಾಢದಲ್ಲಿ ನಮ್ಮ ಮೀಟರ್ ಸೊರಗುತ್ತದೆ. ಮಳೆ ಹನಿಯದಿದ್ದರೂ ಮೋಡ ಬಿಡುವುದಿಲ್ಲ, ಉತ್ಪಾದನೆ ಅರ್ಧಕ್ಕೆ ಇಳಿಯುತ್ತದೆ. ಆಗ ಮೊದಲು ರೈಸ್ ಕುಕ್ಕರ್ ಬಂದ್, ಆಮೇಲೆ ಗ್ರೈಂಡರ್. ಫ್ಯಾನಿನ ಅಗತ್ಯವೂ ಆ ಗಾಳಿಯಲ್ಲಿ ಅಷ್ಟಿರುವುದಿಲ್ಲ. ಗಾಡಿ ಓಡುವಾಗ ಇಂಜಿನ್ ತಿರುಗಿಸುವ ಆಲ್ಟರ್ನೇಟರಿನ ಕರೆಂಟಿನಿಂದ ಬ್ಯಾಟರಿ ತುಂಬಲು ಡಿಸಿ-ಡಿಸಿ ಚಾರ್ಜರ್ ಹಾಕಿಸಿದ್ದೇವೆ. ಚಳ್ಳಕೆರೆಯಿಂದ ದಾವಣಗೆರೆ ಮುಟ್ಟುವಷ್ಟರಲ್ಲಿ ಫ್ರಿಜ್ಜಿನ ಒಂದು ದಿನದ ಪಾಲು ಸೇರುತ್ತದೆ. ಮುಂದಿನ ಮಳೆಗಾಲದೊಳಗೆ ಮೂರನೆಯ ಪ್ಯಾನೆಲ್ ಕೊಳ್ಳಬೇಕೆಂದಿದ್ದೇವೆ. ಮೇಲೆ ಜಾಗವಿಲ್ಲ, ಗಾಡಿ ನಿಲ್ಲಿಸಿದಾಗ ಮಗ್ಗುಲಿಗೆ ಎತ್ತಿ ನಿಲ್ಲಿಸುವ ಕಬ್ಬಿಣದ ಚೌಕಟ್ಟಿಗೆ ಅಳತೆ ಕೊಟ್ಟು ಬಂದಿದ್ದೇನೆ.