ಬಣ್ಣದಂಗಡಿಯ ಕೆಂಪು, ಕೊನೆಗೂ 11

ಬಟ್ಟೆಗೆ ಹಾಕೋ ಬಣ್ಣದಿಂದ ಎಲೆಕ್ಟ್ರೋ-ಆಪ್ಟಿಕ್ ಫಿಲ್ಮ್ (ವೋಲ್ಟೇಜ್ ಕೊಟ್ಟರೆ ಬೆಳಕನ್ನು ಬಗ್ಗಿಸೋ ಗುಣ ಬದಲಾಗೋ ತೆಳು ಪದರ) ಆಗಲ್ಲ ಅಂತ ಇಬ್ಬರು ಹಿರಿಯರು ಮುಖಕ್ಕೇ ಹೇಳಿದ್ದರು. ಆಯಿತು. ಕಳೆದ ತಿಂಗಳು ಆ ಬದಲಾವಣೆ ಅಳೆಯೋ ಟೆಂಗ್-ಮ್ಯಾನ್ ಸೆಟಪ್ಪಿನಲ್ಲಿ, 633 ನ್ಯಾನೋಮೀಟರಿನ ಲೇಸರಿಗೆ, ಆರ್33 (ವೋಲ್ಟೇಜಿಗೆ ಫಿಲ್ಮು ಎಷ್ಟು ಸ್ಪಂದಿಸುತ್ತೆ ಅನ್ನೋ ಅಳತೆ) ವೋಲ್ಟಿಗೆ 11 ಪಿಕೋಮೀಟರ್ ಆಸುಪಾಸು ಬಂತು. ಇದೇ ಕೆಲಸಕ್ಕೆ ಬಳಸೋ ಲಿಥಿಯಂ ನಿಯೋಬೇಟ್ ಹರಳಿನ 30ರ ಮುಂದೆ ಸಣ್ಣದೇ, ಆದರೆ ನಾನು ಹೊರಟಿದ್ದು 3ರಿಂದ.

ಬಣ್ಣ ಡಿಸ್ಪರ್ಸ್ ರೆಡ್ 1, ಅದನ್ನು ಬೆರೆಸಿದ್ದು ಪಿಎಂಎಂಎ ಅನ್ನೋ ಪಾರದರ್ಶಕ ಪ್ಲಾಸ್ಟಿಕ್ಕಿಗೆ. ಬಳ್ಳಾರಿ ಜೀನ್ಸಿನ ಊರು, ಬಣ್ಣದವರು ಬೇಕಾದಷ್ಟು. ಆದರೆ ಇದು ಪಾಲಿಯೆಸ್ಟರಿನ ಕೆಂಪು, ಹೇಳಿ ತರಿಸಬೇಕಾಯಿತು. ಲ್ಯಾಬ್ ಗ್ರೇಡಿನ ಕೆಲವೇ ಗ್ರಾಂನ ದುಡ್ಡಿಗೆ ಅರ್ಧ ಕೆಜಿ ಸಿಕ್ಕಿತು.

ಫಿಲ್ಮನ್ನು ಬಿಸಿಮಾಡಿ ವೋಲ್ಟೇಜ್ ಕೊಟ್ಟು ಬಣ್ಣದ ಅಣುಗಳನ್ನು ಒಂದೇ ದಿಕ್ಕಿಗೆ ತಿರುಗಿಸಬೇಕು, ಇದೇ ಪೋಲಿಂಗ್. 2 ಮೈಕ್ರಾನ್ ಫಿಲ್ಮು, ಮೈಕ್ರಾನಿಗೆ 100 ವೋಲ್ಟ್ ಕೊಡೋಣ ಅಂತ ನಮ್ಮ ಲೆಕ್ಕ. 60 ದಾಟಿದರೆ ಸಾಕು, ಫಟ್. "ಸರ, ಕರೆಂಟ್ ಏರಾಕತ್ತೈತ್ರಿ" ಅಂತ ಹುಡುಗ ಕೂಗುವಷ್ಟರಲ್ಲಿ ಚಿನ್ನದ ಎಲೆಕ್ಟ್ರೋಡಿನ ನಡುವೆ ಸಾಸಿವೆಯಷ್ಟು ಕರಕಲು, ಸುತ್ತ ಕೆಂಪು ಸುಲಿದ ಉಂಗುರ. ನಲವತ್ತರ ಮೇಲೆ ಐಟಿಒ ಗಾಜು (ಕರೆಂಟ್ ಹರಿಯೋ ಪಾರದರ್ಶಕ ಲೇಪನದ ಗಾಜು) ಹಾಳಾದವು. ನನ್ನ ಕೈಯಿಂದಲೇ 18–20 ಸಾವಿರ ಹೋಯಿತು. ಮೊದಲು ಅದಿರಿನ ಧೂಳನ್ನು ಬೈದೆ. 0.2 ಮೈಕ್ರಾನ್ ಫಿಲ್ಟರ್ ಹಾಕಿದೆ, ಗಾಜು ತಿರುಗಿಸಿ ಫಿಲ್ಮ್ ಹರಡೋ ಸ್ಪಿನ್ ಕೋಟರಿಗೆ ಡಬ್ಬಿ ಮುಚ್ಚಿದೆ. ಪಿನ್‌ಹೋಲ್ ಕಡಿಮೆಯಾದವು, ಫಟ್ ನಿಲ್ಲಲಿಲ್ಲ.

ಕಳ್ಳ ಬಣ್ಣದೊಳಗೇ ಇದ್ದ. ನೀರಲ್ಲಿ ಹರಡಲಿ ಅಂತ ಅಂಗಡಿ ಪುಡಿಗೆ ಡಿಸ್ಪರ್ಸಿಂಗ್ ಏಜೆಂಟ್, ಉಪ್ಪು ಬೆರೆತಿರುತ್ತವೆ. ಆ ಅಯಾನುಗಳೇ ಕರೆಂಟ್ ಹೊರುತ್ತಿದ್ದವು. ಬಿಸಿನೀರಲ್ಲಿ ತೊಳೆದು, ಎಥನಾಲಿನಲ್ಲಿ ಮೂರು ಸಲ ಮರುಸ್ಫಟಿಕ ಮಾಡಿದೆ. ಕೊನೆಯ ತೊಳೆತಕ್ಕೆ ಏನು ಹಾಕುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸೋರುವ ಕರೆಂಟು ಹತ್ತರಲ್ಲೊಂದು ಪಾಲಿಗೆ ಇಳಿಯಿತು, ಮೈಕ್ರಾನಿಗೆ 110 ವೋಲ್ಟ್ ತಡೆಯಿತು. ಐಟಿಒ ಮೇಲೆ ತೆಳ್ಳಗೆ ಟೈಟಾನಿಯಾ ಸೋಲ್-ಜೆಲ್ (ದ್ರಾವಣದಿಂದ ಮಾಡೋ ಟೈಟಾನಿಯಂ ಆಕ್ಸೈಡ್ ಪದರ) ಎಳೆದ ಮೇಲೆ ಇನ್ನೂ ಏರಿತು.

ನಡುವೆ ಆಸೆಪಟ್ಟು ಬಣ್ಣವನ್ನು 10ರಿಂದ 25 ಪರ್ಸೆಂಟಿಗೆ ಏರಿಸಿ ನೋಡಿದೆ. ಸಿಗ್ನಲ್ ಬಿದ್ದೇಹೋಯಿತು, ಅಣುಗಳು ಎದುರುಬದುರಾಗಿ ಜೋಡಿಕಟ್ಟಿ ಒಂದರ ಬಲ ಒಂದು ತಿಂದವು. ವಾಪಸ್ 12ಕ್ಕೆ ಬಂದೆ.

ಪೋಲಿಂಗ್ 95 ಡಿಗ್ರಿಯಲ್ಲಿ, ತಣಿಯೋವರೆಗೂ ವೋಲ್ಟೇಜ್ ತೆಗೆಯಬಾರದು. ಮೇ ತಿಂಗಳಲ್ಲಿ ನಮ್ಮ ರೂಮೇ 40 ಮುಟ್ಟುತ್ತೆ, ಅದಕ್ಕೇ ರಾತ್ರಿ ಹತ್ತರ ಮೇಲೆ, ಯುಪಿಎಸ್ ಇಟ್ಟುಕೊಂಡು ಮಾಡಿದೆವು. ಸಾಲಾದ ಅಣುಗಳು ಮೆಲ್ಲಗೆ ಚದುರುತ್ತವೆ: ಹದಿನೈದು ದಿನ ಬಿಟ್ಟು ಆರ್33 ಅಳೆದರೆ ಅಲಮಾರಿಯಲ್ಲಿಟ್ಟಿದ್ದು 7ಕ್ಕಿಳಿದಿತ್ತು, ಫ್ರಿಜ್ಜಿನದು 10ರಲ್ಲಿತ್ತು. ಮುಂದಿನ ಬ್ಯಾಚಿಗೆ ಪಾಲಿಕಾರ್ಬೊನೇಟ್ ತರಿಸಿದ್ದೇನೆ. ಅದು ಮೆತ್ತಗಾಗೋಕೆ 140ರ ಮೇಲೆ ಬೇಕು, ಅಣುಗಳು ಅಷ್ಟು ಬೇಗ ಚದುರಲ್ಲ ಅನ್ನೋ ಆಸೆ.