ಎಂಟನೇ ಕ್ಲಾಸಿನ ಮೊದಲ ನಾಲ್ಕು ವಾರ: ಇಂಗ್ಲಿಷ್ ಮಾಧ್ಯಮಕ್ಕೆ ಮಗುವನ್ನು ದಾಟಿಸುವುದು ಹೇಗೆ?

ಏಳನೇ ಕ್ಲಾಸಿನ ತನಕ ಊರಿನ ಕನ್ನಡ ಶಾಲೆ, ಎಂಟಕ್ಕೆ ಮಂಡ್ಯ ಅಥವಾ ಮೈಸೂರಿನ ಇಂಗ್ಲಿಷ್ ಮಾಧ್ಯಮದ ಹೈಸ್ಕೂಲು. ಪಾಂಡವಪುರ, ಶ್ರೀರಂಗಪಟ್ಟಣ, ಮದ್ದೂರು, ಬನ್ನೂರು ಕಡೆಯ ಎಷ್ಟೋ ಮನೆಗಳಲ್ಲಿ ಜೂನ್ ಬಂತೆಂದರೆ ಇದೇ ಸಂಭ್ರಮ, ಇದೇ ತಲೆನೋವು. ಎರಡನೇ ವಾರಕ್ಕೆ ಮಗು ಮಂಕಾಗುತ್ತದೆ. ಮೂರನೇ ವಾರ ಅಪ್ಪ ಅಮ್ಮ ಟ್ಯೂಷನ್ ಹುಡುಕಿಕೊಂಡು ಹೊರಡುತ್ತಾರೆ. ಏಳರಲ್ಲಿ ಚೆನ್ನಾಗಿ ಲೆಕ್ಕ ಮಾಡುತ್ತಿದ್ದ ಮಗು ಎರಡು ತಿಂಗಳ ರಜೆಯಲ್ಲಿ ದಡ್ಡ ಆಗಿರುವುದಿಲ್ಲ. ಪ್ರಶ್ನೆ ಏನು ಕೇಳುತ್ತಿದೆ ಎಂಬುದೇ ಅದಕ್ಕೆ ತಿಳಿಯುತ್ತಿಲ್ಲ, ಅಷ್ಟೆ. ಹಾಗಾಗಿ ಕೆಳಗಿನ ಏಳು ಹಂತಗಳಲ್ಲಿ ಬೇರೆಯವನ್ನು ಬೇಗ ಮುಗಿಸಿ, ಪ್ರಶ್ನೆಯ ಭಾಷೆ ಕಲಿಸುವ ಐದನೆಯದಕ್ಕೆ ಹೆಚ್ಚು ಹೊತ್ತು ಕೊಡಿ.

ಹಂತ 1: ಕಾಗದ ಪತ್ರ

ಟಿಸಿ, ಆಧಾರ್, ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಮೂರರಲ್ಲೂ ಹೆಸರು, ಇನಿಷಿಯಲ್, ಹುಟ್ಟಿದ ದಿನ ಒಂದೇ ಇದೆಯೇ ಎಂದು ಮೊದಲ ವಾರದಲ್ಲೇ ನೋಡಿ. ಇಲ್ಲಿ ದಾಖಲಾದದ್ದೇ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುತ್ತದೆ, ಆಮೇಲೆ ತಿದ್ದಿಸಲು ಅಲೆಯಬೇಕು. ಪ್ರಥಮ ಭಾಷೆ ಯಾವುದೆಂದು ಕೇಳಿದಾಗ 'ಸಂಸ್ಕೃತ ಹಾಕಿಸಿ, 125ಕ್ಕೆ 125 ಬರುತ್ತೆ' ಎಂದು ಸಲಹೆ ಕೊಡುವವರು ಸಿಕ್ಕೇ ಸಿಗುತ್ತಾರೆ. ಕನ್ನಡ ಶಾಲೆಯಿಂದ ಬಂದ ಮಗುವಿಗೆ ಅದು ಬೇಡ. ಎಲ್ಲವೂ ಹೊಸದಾಗಿರುವ ವರ್ಷದಲ್ಲಿ ಕಾಲೂರಿ ನಿಲ್ಲಲು ಒಂದು ವಿಷಯವಾದರೂ ಬೇಕು, ಕನ್ನಡವೇ ಪ್ರಥಮ ಭಾಷೆಯಾಗಿರಲಿ.

ಹಂತ 2: ಬಸ್ಸು

ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಆಧಾರ್ ಕೈಯಲ್ಲಿರಲಿ, ಶೂನ್ಯ ಟಿಕೆಟನ್ನು ಇಳಿಯುವ ತನಕ ಬಿಸಾಡದಿರಲಿ. ಗಂಡುಮಕ್ಕಳ ಪಾಸಿಗೆ ಸೇವಾಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಪಾಸ್ ಅದರ ಮೇಲೆ ಬರೆದ ಮಾರ್ಗಕ್ಕಷ್ಟೇ ನಡೆಯುತ್ತದೆ, ಆದ್ದರಿಂದ ಹತ್ತುವ, ಇಳಿಯುವ ಊರಿನ ಹೆಸರನ್ನು ಎರಡು ಸಲ ಓದಿ ಆಮೇಲೆ ಸಲ್ಲಿಸಿ.

ಒಂದು ದಿನ ಮಗುವಿನ ಜೊತೆ ಹೋಗಿಬನ್ನಿ. ಅದೂ ಭಾನುವಾರ ಅಲ್ಲ, ಶಾಲೆಯ ದಿನವೇ, ಶಾಲೆಯ ಹೊತ್ತಿಗೇ. ಭಾನುವಾರದ ಖಾಲಿ ಬಸ್ಸು ನೋಡಿ ಲೆಕ್ಕ ಹಾಕಿದವರು ಸೋಮವಾರ ಫುಟ್‌ಬೋರ್ಡಿನಲ್ಲಿ ಜೋತುಬೀಳುತ್ತಾರೆ. ಇನ್ನೊಂದು ವಿಷಯ: ಮೈಸೂರು-ಬೆಂಗಳೂರು ಹೊಸ ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರಿಗೆ ಬೈಪಾಸ್ ಇದೆ. ಸಂಜೆ ಮೈಸೂರಿನಲ್ಲಿ ಬೆಂಗಳೂರಿನ ಬೋರ್ಡು ಕಂಡ ತಕ್ಷಣ ಹತ್ತಿದರೆ ಊರು ಪಕ್ಕದಲ್ಲೇ ಹಾದುಹೋಗುತ್ತದೆ. 'ಊರೊಳಗೆ ಹೋಗುತ್ತಾ ಅಣ್ಣ?' ಎಂದು ಕಂಡಕ್ಟರನ್ನು ಕೇಳಿಯೇ ಹತ್ತುವುದು ಅಭ್ಯಾಸವಾಗಲಿ.

ಹಂತ 3: ಬ್ಯಾಗು

ಆರರಿಂದ ಎಂಟನೇ ಕ್ಲಾಸಿನವರ ಬ್ಯಾಗು 3ರಿಂದ 4 ಕೆ.ಜಿ. ಇರಬೇಕೆಂದು ಶಿಕ್ಷಣ ಇಲಾಖೆ 2019ರಲ್ಲೇ ಹೇಳಿದೆ. ತೂಗಿ ನೋಡಿದರೆ ಹೆಚ್ಚಿನವು ಅದನ್ನು ದಾಟಿರುತ್ತವೆ. ಕಾರಣ ಪಠ್ಯಪುಸ್ತಕಕ್ಕಿಂತ 200 ಪುಟದ ನೋಟ್‌ಬುಕ್ಕುಗಳು ಮತ್ತು ಒಂದು ಲೀಟರ್ ನೀರಿನ ಬಾಟಲಿ. 100 ಪುಟದವನ್ನೇ ಕೊಳ್ಳಿ, ಮುಗಿದಾಗ ಇನ್ನೊಂದು ತಂದರಾಯಿತು. ನೀರು ಅರ್ಧ ಲೀಟರ್ ಸಾಕು, ಶಾಲೆಯಲ್ಲಿ ತುಂಬಿಸಿಕೊಳ್ಳಲಿ. ಪಠ್ಯಪುಸ್ತಕ ಎರಡು ಭಾಗದಲ್ಲಿ ಬಂದಿದ್ದರೆ ಭಾಗ 2 ಮನೆಯಲ್ಲೇ ಇರಲಿ.

ಜಾಮೆಟ್ರಿ ಬಾಕ್ಸ್ ಮಾತ್ರ ನೋಡಿ ತನ್ನಿ. ಮುಚ್ಚಳದ ಮೇಲೆ ಕಾರ್ಟೂನ್ ಇರುವ ಅಗ್ಗದ ಡಬ್ಬಿಯಲ್ಲಿ ಕೈವಾರದ ತಿರುಪು ಸಡಿಲ. ಅಂಗಡಿಯಲ್ಲೇ ಪೆನ್ಸಿಲ್ ಸಿಕ್ಕಿಸಿ 5 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಸಿ. ಹೊರಟ ಗೆರೆ ಹೊರಟಲ್ಲಿಗೇ ಬಂದು ಸೇರದಿದ್ದರೆ ಡಬ್ಬಿ ವಾಪಸ್ ಕೊಡಿ. ರೇಖಾಗಣಿತದಲ್ಲಿ ಅಂಕ ಕಳೆಯುವುದು ಎಷ್ಟೋ ಸಲ ಈ ತಿರುಪೇ.

ಹಂತ 4: ಮೇಷ್ಟ್ರುಗಳು ಮತ್ತು ಸೇತುಬಂಧ

ಹಳೇ ಶಾಲೆಯಲ್ಲಿ ಒಬ್ಬರೋ ಇಬ್ಬರೋ ಮೇಷ್ಟ್ರು ಎಲ್ಲವನ್ನೂ ಹೇಳಿಕೊಡುತ್ತಿದ್ದರು. ಇಲ್ಲಿ ಪೀರಿಯಡ್ಡಿಗೊಬ್ಬರು. ಗಣಿತಕ್ಕೆ ಸಾಮಾನ್ಯವಾಗಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ) ಮೇಷ್ಟ್ರು, ಜೀವಶಾಸ್ತ್ರಕ್ಕೆ ಸಿಬಿಜೆಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದ) ಮಿಸ್ಸು, ಹೀಗಾಗಿ ವಿಜ್ಞಾನದ ಒಂದೇ ಪುಸ್ತಕವನ್ನು ಇಬ್ಬರು ಹಂಚಿಕೊಂಡು ಮಾಡುವುದೂ ಉಂಟು. ವಿಜ್ಞಾನಕ್ಕೆ ಎರಡು ನೋಟ್‌ಬುಕ್ ಬೇಕೇ, ಒಂದು ಸಾಕೇ ಎಂದು ಕೇಳಿಕೊಂಡು ಬರಲಿ. ಯಾರಿಗೆ ಮಾರ್ಜಿನ್ ಬೇಕು, ಯಾರಿಗೆ ಚಿತ್ರ ಬಲಪುಟದಲ್ಲೇ ಬೇಕು ಎಂಬುದನ್ನು ಆಯಾ ನೋಟ್‌ಬುಕ್ಕಿನ ರಟ್ಟಿನ ಒಳಬದಿಯಲ್ಲಿ ಬರೆದಿಟ್ಟುಕೊಳ್ಳಲಿ.

ಮೊದಲ ವಾರಗಳಲ್ಲಿ ಸೇತುಬಂಧ ನಡೆಯುತ್ತದೆ. ಶುರುವಿನಲ್ಲಿ ಒಂದು ಪರೀಕ್ಷೆ, ಹಿಂದಿನ ತರಗತಿಯ ಪಾಠದ ಪುನರಾವರ್ತನೆ, ಕೊನೆಗೆ ಸಾಫಲ್ಯ ಪರೀಕ್ಷೆ. 'ಇನ್ನೂ ಪಾಠ ಶುರುವಾಗಿಲ್ಲ' ಎಂದು ಮಗುವನ್ನು ನೆಂಟರ ಮನೆಗೆ, ಮದುವೆಗೆ ಕರೆದೊಯ್ಯುವುದು ನಮ್ಮ ಕಡೆಯ ದೊಡ್ಡ ತಪ್ಪು. ಕನ್ನಡದಲ್ಲಿ ಗೊತ್ತಿದ್ದ ಪಾಠವನ್ನೇ ಇಂಗ್ಲಿಷಿನಲ್ಲಿ ಕೇಳುವ ಅವಕಾಶ ವರ್ಷದಲ್ಲಿ ಮತ್ತೆ ಸಿಗುವುದಿಲ್ಲ. ಆ ದಿನಗಳಲ್ಲಿ ಒಂದೂ ರಜೆ ಬೇಡ. ಶುರುವಿನ ಪರೀಕ್ಷೆಯಲ್ಲಿ ಕಡಿಮೆ ಬಂದರೆ ಬಯ್ಯಬೇಡಿ, ಮಗು ಎಲ್ಲಿದೆ ಎಂದು ನೋಡುವುದಕ್ಕೇ ಅದನ್ನು ಕೊಡುವುದು.

ಹಂತ 5: ಪ್ರಶ್ನೆಯ ಭಾಷೆ

ಇಲ್ಲೇ ಎಲ್ಲರೂ ಮುಗ್ಗರಿಸುವುದು. ಒಂದು ಲೆಕ್ಕ ನೋಡಿ: 'ಸಬ್‌ಟ್ರ್ಯಾಕ್ಟ್ 5ಎಕ್ಸ್ ಫ್ರಮ್ 12ಎಕ್ಸ್'. ಕನ್ನಡ ಪುಸ್ತಕದಲ್ಲಿ ಇದೇ ಪ್ರಶ್ನೆ '12ಎಕ್ಸ್‌ನಿಂದ 5ಎಕ್ಸ್ ಕಳೆಯಿರಿ' ಎಂದಿರುತ್ತದೆ. ಕನ್ನಡದಲ್ಲಿ 12 ಮೊದಲು, ಇಂಗ್ಲಿಷಿನಲ್ಲಿ 5 ಮೊದಲು. ಏಳು ವರ್ಷ ಓದಿದ ಕ್ರಮದಲ್ಲೇ ಬರೆದು ಅಭ್ಯಾಸವಾದ ಮಗು 5ಎಕ್ಸ್ – 12ಎಕ್ಸ್ ಎಂದು ಬರೆದು, –7ಎಕ್ಸ್ ಎಂದು ಅಚ್ಚುಕಟ್ಟಾಗಿ ಉತ್ತರ ತೆಗೆಯುತ್ತದೆ. ಬರೇ 5 ಮತ್ತು 12 ಆಗಿದ್ದರೆ 'ಚಿಕ್ಕದರಿಂದ ದೊಡ್ಡದು ಹೋಗುತ್ತಾ?' ಎಂದು ಅನುಮಾನವಾದರೂ ಬರುತ್ತಿತ್ತು. ಬೀಜಗಣಿತದಲ್ಲಿ ಆ ಅನುಮಾನವೂ ಬರುವುದಿಲ್ಲ. ಕೆಂಪು ಶಾಯಿಯ ಗುರುತು ಕಂಡ ಅಪ್ಪನಿಗೆ ಮಗನಿಗೆ ವ್ಯವಕಲನವೇ ಮರೆತುಹೋಗಿದೆ ಅನ್ನಿಸುತ್ತದೆ.

ಇದೇ ಜಾತಿಯವು ಇನ್ನೂ ಎರಡಿವೆ. 'ಫೈವ್ ಲೆಸ್ ದ್ಯಾನ್ ಎಕ್ಸ್' ಅಂದರೆ ಎಕ್ಸ್ – 5, ಮಗು ಬರೆಯುವುದು 5 – ಎಕ್ಸ್. ಭಿನ್ನರಾಶಿಯಲ್ಲಿ ನಾವು 'ಐದರಲ್ಲಿ ಮೂರು ಪಾಲು' ಎಂದು ಕೆಳಗಿನ ಸಂಖ್ಯೆಯನ್ನು ಮೊದಲು ಹೇಳುತ್ತೇವೆ, ಅವರು 'ತ್ರೀ ಬೈ ಫೈವ್' ಎಂದು ಮೇಲಿನದನ್ನು. ಮೇಷ್ಟ್ರು ಬಾಯಲ್ಲಿ ಹೇಳಿ ಬರೆಸುವಾಗ ಇದು ತಲೆಕೆಳಗಾಗುತ್ತದೆ. ಮದ್ದು ಸುಲಭ: 'ಫ್ರಮ್', 'ಲೆಸ್ ದ್ಯಾನ್' ಕಂಡಕೂಡಲೇ ಅದರ ಕೆಳಗೆ ಪೆನ್ಸಿಲ್ ಗೆರೆ, ಗೆರೆಯ ಬಲಗಡೆ ಇರುವುದನ್ನು ಮೊದಲು ಬರೆಯುವುದು. ದಿನಕ್ಕೆ ಇಂಥ 10 ಪ್ರಶ್ನೆ ಕೊಡಿ. ಉತ್ತರ ತೆಗೆಸಬೇಡಿ, ಲೆಕ್ಕವನ್ನು ಸಾಲಾಗಿ ಇಳಿಸಿದರೆ ಸಾಕು. ಹತ್ತು ದಿನದಲ್ಲಿ ಕೈ ಕೂರುತ್ತದೆ.

ಎರಡನೆಯ ತೊಡಕು ಪದಗಳದ್ದು. ಗೊತ್ತಿಲ್ಲದ ಪದ ಬಂದರೆ ಮಗು ನಿಂತು ಕೇಳುತ್ತದೆ, ಗೊತ್ತಿದೆ ಅನ್ನಿಸಿದ ಪದದ ಮುಂದೆ ನಿಲ್ಲುವುದೇ ಇಲ್ಲ. 'ಕಾಂಪೌಂಡ್' ಅಂದರೆ ಮಂಡ್ಯದ ಮಗುವಿಗೆ ಮನೆ ಸುತ್ತಲಿನ ಗೋಡೆ, ರಸಾಯನಶಾಸ್ತ್ರದಲ್ಲಿ ಅದು ಸಂಯುಕ್ತ. 'ಸೊಲ್ಯೂಷನ್' ಅಂದರೆ ಪಂಕ್ಚರ್ ಅಂಗಡಿಯ ಅಂಟು, ವಿಜ್ಞಾನದಲ್ಲಿ ದ್ರಾವಣ, ಸಮೀಕರಣದಲ್ಲಿ ಪರಿಹಾರ. 'ಸೆಲ್' ಟಾರ್ಚಿಗೆ ಹಾಕುವುದು, ಜೀವಶಾಸ್ತ್ರದಲ್ಲಿ ಜೀವಕೋಶ. 'ಬೇಸ್' ತ್ರಿಭುಜದಲ್ಲಿ ಪಾದ, ಘಾತದಲ್ಲಿ ಆಧಾರ, ಆಮ್ಲದ ಪಕ್ಕ ಬಂದರೆ ಪ್ರತ್ಯಾಮ್ಲ. 'ಟಿಷ್ಯೂ' ಕೈ ಒರೆಸುವ ಕಾಗದವಲ್ಲ, ಅಂಗಾಂಶ. 'ಪವರ್' ಗಣಿತದಲ್ಲಿ ಘಾತ, ಭೌತಶಾಸ್ತ್ರದಲ್ಲಿ ಸಾಮರ್ಥ್ಯ. ಮೊಬೈಲಿನ ಅನುವಾದ ಇಲ್ಲಿ ಕೆಲಸಕ್ಕೆ ಬಾರದು, ಯಾವ ಪಾಠದ ಪವರ್ ಎಂಬುದು ಅದಕ್ಕೇನು ಗೊತ್ತು.

ಆದ್ದರಿಂದ ಒಂದು ಪದದ ಪುಸ್ತಕ ಮಾಡಿಸಿ. 100 ಪುಟದ ಗೆರೆ ನೋಟ್‌ಬುಕ್, ಪುಟಕ್ಕೆ ಮೂರು ಕಂಬ. ಮೊದಲ ಕಂಬದಲ್ಲಿ ಇಂಗ್ಲಿಷ್ ಪದ, ಎರಡನೆಯದರಲ್ಲಿ ಕನ್ನಡ ಪುಸ್ತಕದ ಪದ, ಮೂರನೆಯದರಲ್ಲಿ ಒಂದು ಉದಾಹರಣೆ ಅಥವಾ ಚಿತ್ರ. ಮೂರನೆಯ ಕಂಬ ಖಾಲಿ ಬಿಡುವ ಹಾಗಿಲ್ಲ. 'ಪೆರಿಮೀಟರ್, ಸುತ್ತಳತೆ' ಎಂದಷ್ಟೇ ಬರೆದರೆ ಎರಡು ದಿನದಲ್ಲಿ ಅದು ವಿಸ್ತೀರ್ಣದ ಜೊತೆ ಕಲಸಿಹೋಗುತ್ತದೆ. ಗದ್ದೆಯ ಬದುವಿನ ಮೇಲೆ ಒಂದು ಸುತ್ತು ನಡೆದರೆ ಪೆರಿಮೀಟರ್, ಬದುವಿನೊಳಗೆ ನಾಟಿ ಮಾಡುವ ಜಾಗ ಏರಿಯಾ ಎಂದು ಚಿತ್ರ ಬರೆದರೆ ಉಳಿಯುತ್ತದೆ. ದಿನಕ್ಕೆ 8 ಪದ, ಗಣಿತದ್ದು 5, ವಿಜ್ಞಾನದ್ದು 3. ಹೆಚ್ಚು ಬೇಡ. ವಾರಕ್ಕೆ ಆರು ದಿನದಂತೆ ನಾಲ್ಕು ವಾರಕ್ಕೆ 192 ಪದ ಆಗುತ್ತದೆ, ಮೊದಲ ಪಾಠಗಳನ್ನು ದಾಟಲು ಅದು ಧಾರಾಳ.

ಕನ್ನಡ ಪದ ಎಲ್ಲಿಂದ ತರುವುದು? ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಎಂಟನೇ ತರಗತಿಯ ಪುಸ್ತಕಗಳು ಎರಡೂ ಮಾಧ್ಯಮದಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ಶಾಲೆ ರಾಜ್ಯ ಪಠ್ಯಕ್ರಮದ್ದಾದರೆ ಪಾಠ ಅದೇ, ಭಾಷೆ ಮಾತ್ರ ಬೇರೆ. ಗಣಿತ ಮತ್ತು ವಿಜ್ಞಾನದ ಕನ್ನಡ ಪುಸ್ತಕ ಇಳಿಸಿಕೊಂಡು, ಮೊದಲ ಎರಡು ಪಾಠಗಳನ್ನಾದರೂ ಜೆರಾಕ್ಸ್ ಮಾಡಿಸಿ. ಊರಿನ ಹೈಸ್ಕೂಲಿಗೆ ಹೋಗುವ ಪಕ್ಕದ ಮನೆ ಮಗುವಿನ ಪುಸ್ತಕ ಎರವಲು ಸಿಕ್ಕರೆ ಇನ್ನೂ ಒಳ್ಳೆಯದು. ನಾಳೆ ನಡೆಯುವ ಪಾಠವನ್ನು ಇವತ್ತು ರಾತ್ರಿ ಕನ್ನಡದಲ್ಲಿ ಒಂದು ಸಲ ಓದಿಕೊಂಡು ಹೋಗಲಿ, 15 ನಿಮಿಷದ ಕೆಲಸ. ಪಾಠ ಆದ ಮೇಲೆ ಓದುವುದಕ್ಕಿಂತ ಇದೇ ಲೇಸು. ವಿಷಯ ಮೊದಲೇ ಗೊತ್ತಿದ್ದರೆ ಕ್ಲಾಸಿನಲ್ಲಿ ಕಿವಿ ಬರೇ ಪದಗಳನ್ನು ಹಿಡಿದರೆ ಸಾಕಾಗುತ್ತದೆ.

ಗೈಡ್ ಕೊಳ್ಳಬೇಡಿ. ಕನಿಷ್ಠ ಈ ನಾಲ್ಕು ವಾರ ಮನೆಯೊಳಗೆ ಅದು ಬರಕೂಡದು. ಗೈಡಿನ ಉತ್ತರ ಉರು ಹೊಡೆದ ಮಗು ಪ್ರಶ್ನೆಯ ಮೊದಲ ಎರಡು ಪದ ನೋಡಿ ಬರೆಯಲು ಶುರುಮಾಡುತ್ತದೆ, ಮೂರನೆಯ ಪದ ಬದಲಾದರೆ ಮುಗಿಯಿತು.

ಪ್ರಶ್ನೆಯ ಕ್ರಿಯಾಪದಗಳಿಗೆ ಪದದ ಪುಸ್ತಕದ ಕೊನೆಯ ಪುಟ ಮೀಸಲಿಡಿ. 'ಮೆನ್ಷನ್' ಅಂದರೆ ಹೆಸರಿಸಿದರೆ ಸಾಕು, ವಿವರಣೆ ಬೇಡ. 'ಎಕ್ಸ್‌ಪ್ಲೇನ್' ಅಂದರೆ ಹೇಗೆ, ಯಾಕೆ ಎಂಬುದು ಬೇಕು. 'ಡಿಸ್ಟಿಂಗ್ವಿಶ್' ಅಂದರೆ ನಡುವೆ ಗೆರೆ ಎಳೆದು ಎರಡು ಕಡೆ ವ್ಯತ್ಯಾಸ. 'ವೆರಿಫೈ' ಅಂದರೆ ತಾಳೆ ನೋಡಿ ತೋರಿಸುವುದು, 'ಎವಾಲ್ಯುಯೇಟ್' ಅಂದರೆ ಬೆಲೆ ಕಂಡುಹಿಡಿಯುವುದು. 'ಮೆನ್ಷನ್'ಗೆ ಅರ್ಧ ಪುಟ ಬರೆದು ಹೊತ್ತು ಸಾಲದೆ ಅಳುವ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ.

ಇನ್ನು ಬೋರ್ಡಿನಿಂದ ಇಳಿಸಿಕೊಳ್ಳುವುದು. ಹೊಸ ಮಗು ಒಂದೊಂದೇ ಅಕ್ಷರಕ್ಕೆ ತಲೆಯೆತ್ತಿ ಬೋರ್ಡ್ ನೋಡುತ್ತದೆ, ಅರ್ಧ ಬರೆಯುವಷ್ಟರಲ್ಲಿ ಮೇಷ್ಟ್ರು ಒರೆಸಿರುತ್ತಾರೆ. ಮನೆಯಲ್ಲಿ ಇಂಗ್ಲಿಷ್ ಪುಸ್ತಕದ 60-70 ಪದದ ಒಂದು ಪ್ಯಾರಾವನ್ನು ನಾಲ್ಕಡಿ ದೂರದಲ್ಲಿ ನಿಲ್ಲಿಸಿ. ಒಮ್ಮೆ ನೋಡಿದರೆ ಮೂರು ಪದ ಬಾಯಲ್ಲಿ ಹೇಳಿಕೊಂಡು ಬರೆಯಬೇಕು, ಅದು ಮುಗಿಯುವ ತನಕ ತಲೆ ಎತ್ತುವಂತಿಲ್ಲ. ಮೊದಲ ದಿನ ಹತ್ತು ನಿಮಿಷ ಹಿಡಿಯಬಹುದು, ಐದಾರು ನಿಮಿಷಕ್ಕೆ ಇಳಿದರೆ ಕ್ಲಾಸಿಗೆ ಸಾಲುತ್ತದೆ. ಬೋರ್ಡಿನ ಫೋಟೊ ಗೆಳೆಯರಿಂದ ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಳ್ಳುವ ಅಡ್ಡದಾರಿ ಬೇಡ, ಕೈ ಎಂದೂ ಓಡುವುದಿಲ್ಲ.

ಅನುಮಾನ ಬಂದರೆ ಕನ್ನಡದಲ್ಲೇ ಕೇಳಲಿ. ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಂಡು ಕೇಳುತ್ತೇನೆ ಎಂದು ಕೂತರೆ ಪೀರಿಯಡ್ ಮುಗಿದಿರುತ್ತದೆ. 'ಸರ್, ಇನ್ನೊಂದ್ಸಲ ಹೇಳಿ ಸರ್' ಎಂಬುದಕ್ಕೆ ಯಾವ ಮೇಷ್ಟ್ರೂ ಮುನಿಸಿಕೊಳ್ಳುವುದಿಲ್ಲ.

ಹಂತ 6: ಸಂಜೆ

ಬಂದ ತಕ್ಷಣ ಪುಸ್ತಕ ಹಿಡಿಸಬೇಡಿ. ತಿಂಡಿ, ಒಂದು ಗಂಟೆ ಆಟ, ಆಮೇಲೆ ಪದ 20 ನಿಮಿಷ, ಹೋಂವರ್ಕ್, ನಾಳಿನ ಪಾಠ ಕನ್ನಡದಲ್ಲಿ. ಬೆಳಿಗ್ಗೆ ಏಳೂವರೆ ಬಸ್ಸಾದರೆ ರಾತ್ರಿ ಒಂಬತ್ತೂವರೆಗೆ ದೀಪ ಆರಲಿ.

ಹಂತ 7: ನಾಲ್ಕನೇ ವಾರದ ಪರೀಕ್ಷೆ

ಟ್ಯೂಷನ್ ಬೇಕೋ ಬೇಡವೋ ಎಂಬುದನ್ನು ಈಗ ತೀರ್ಮಾನಿಸಿ. ಇಂಗ್ಲಿಷ್ ಪುಸ್ತಕದಿಂದ ಗಣಿತದ 10 ಪ್ರಶ್ನೆ ಆರಿಸಿ ಮಾಡಿಸಿ. ತಪ್ಪಿದ ಪ್ರಶ್ನೆಗಳನ್ನು ಕನ್ನಡ ಪುಸ್ತಕದಿಂದ ಓದಿ ಹೇಳಿ ಮತ್ತೆ ಮಾಡಿಸಿ. ಕನ್ನಡದಲ್ಲಿ ಸರಿಬಂದರೆ ತೊಡಕು ಪದದ್ದು, ಟ್ಯೂಷನ್ ದಂಡ, ಪದದ ಪುಸ್ತಕವನ್ನೇ ಇನ್ನೊಂದು ತಿಂಗಳು ಮುಂದುವರಿಸಿ. ಕನ್ನಡದಲ್ಲೂ ತಪ್ಪಿದರೆ ಬುನಾದಿಯಲ್ಲೇ ಬಿರುಕಿದೆ ಎಂದರ್ಥ, ಬಹುತೇಕ ಅದು ಭಿನ್ನರಾಶಿಯದ್ದು ಅಥವಾ ಋಣ ಸಂಖ್ಯೆಯದ್ದು. ಆರು, ಏಳನೇ ತರಗತಿಯ ಪುಸ್ತಕದಿಂದ ಆ ಎರಡು ಪಾಠಗಳನ್ನು ಮೊದಲಿಂದ ಹೇಳಿಕೊಡುವವರು ಸಿಕ್ಕರೆ ಮಾತ್ರ ಟ್ಯೂಷನ್ನಿಗೆ ಕಳಿಸಿ. ಎಂಟರ ಪಾಠವನ್ನೇ ಸಂಜೆ ಇನ್ನೊಮ್ಮೆ ಓದಿಸುವ ಕಡೆಗೆ ಬೇಡ.

ಪದದ ಪುಸ್ತಕ, ಟ್ಯೂಷನ್ ಎರಡರಿಂದಲೂ ಆಗದೆ ಮಗು ಊಟ ಬಿಟ್ಟು, ಸೋಮವಾರ ಬಂತೆಂದರೆ ಹೊಟ್ಟೆನೋವು ಎನ್ನುತ್ತಿದ್ದರೆ ಶಾಲೆಗೆ ಹೋಗಿ ಕ್ಲಾಸ್ ಟೀಚರನ್ನು ಕಾಣಿ. ಅದೇ ಶಾಲೆಯಲ್ಲಿ ಕನ್ನಡ ಮಾಧ್ಯಮದ ವಿಭಾಗವಿದ್ದರೆ ಅಲ್ಲಿಗೆ ಬದಲಾಯಿಸಬಹುದೇ ಎಂದು ಜುಲೈ ಮುಗಿಯುವುದರೊಳಗೆ ಹೆಡ್‌ಮಾಸ್ಟರನ್ನು ಕೇಳಿ. ಅಲ್ಲಿ ಪಾಠಗಳು ಮುಂದೆ ಓಡಿದಷ್ಟೂ ಮಗುವಿಗೆ ಹಿಡಿಯುವುದು ಕಷ್ಟ.