ಜೀಪಿನ ಚಾಸಿಯಲ್ಲಿ ಅಡಗಿದ ತುಕ್ಕು: ಹುಡುಕುವುದೆಲ್ಲಿ, ಕತ್ತರಿಸುವುದೆಲ್ಲಿಯವರೆಗೆ?

ಮಲೆನಾಡಿನಲ್ಲಿ ಹಳೇ ಜೀಪು ಮಾರಾಟಕ್ಕೆ ಬಂತೆಂದರೆ ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಬಿದ್ದಿರುತ್ತದೆ. ಕೊಳ್ಳುವವರು ಬಗ್ಗಿ ನೋಡುತ್ತಾರೆ, ಮಿರಮಿರ ಮಿಂಚುವುದನ್ನು ಕಂಡು ‘ಚಾಸಿ ಗಟ್ಟಿ ಇದೆ’ ಅಂತ ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಮಳೆಗಾಲ ಮುಗಿಯುವಷ್ಟರಲ್ಲಿ ಹಿಂದಿನ ಸ್ಪ್ರಿಂಗ್ ಹ್ಯಾಂಗರ್ (ಪಟ್ಟಿ ಸ್ಪ್ರಿಂಗನ್ನು ಚಾಸಿಗೆ ಹಿಡಿಸುವ ಬ್ರಾಕೆಟ್) ಹತ್ತಿರ ಕಬ್ಬಿಣ ಚಕ್ಕೆಚಕ್ಕೆಯಾಗಿ ಉದುರತೊಡಗುತ್ತದೆ. ಟಿಂಕರಿಂಗ್ ಶೆಡ್ಡಿಗೆ ಒಯ್ದರೆ ತೂತಿನ ಮೇಲೊಂದು ತಗಡು ಇಟ್ಟು, ಸುತ್ತ ವೆಲ್ಡ್ ಎಳೆದು, ಪುಟ್ಟಿ ಮೆತ್ತಿ, ಮತ್ತದೇ ಕಪ್ಪು ಬಳಿದು ಕಳಿಸುತ್ತಾರೆ. ಆ ತಗಡು ಬಾಳುವುದು ಹೆಚ್ಚೆಂದರೆ ಎರಡು ಮಳೆಗಾಲ.

ಇಲ್ಲಿ ಹೇಳುತ್ತಿರುವುದು ಏಣಿ ಆಕಾರದ ಚಾಸಿ ಇರುವ ಹಳೇ ಮಹೀಂದ್ರ ಜೀಪುಗಳ ಬಗ್ಗೆ. ಸಿಜೆ, ಎಂಎಂ 540, ಮೇಜರ್ ಎಲ್ಲಕ್ಕೂ ಅನ್ವಯಿಸುತ್ತದೆ. ಚಾಸಿಯಿಲ್ಲದ ಈಗಿನ ಮೊನೊಕಾಕ್ ಕಾರುಗಳ ಲೆಕ್ಕ ಬೇರೆ.

ಮೊದಲು ನೀರು ನಿಲ್ಲುವ ಜಾಗ ತಿಳಿದುಕೊಳ್ಳಿ. ಚಾಸಿಯ ಎರಡು ಉದ್ದ ರೈಲುಗಳು ಕೆಲವು ಕಡೆ ‘ಸಿ’ ಆಕಾರದಲ್ಲಿ ತೆರೆದಿರುತ್ತವೆ. ಅಲ್ಲಿನ ತುಕ್ಕು ಕಣ್ಣಿಗೆ ಬೀಳುತ್ತದೆ, ಹೆದರಬೇಕಾದ್ದಿಲ್ಲ. ಭಾರ ಬೀಳುವ ಕಡೆ ಇನ್ನೊಂದು ಪ್ಲೇಟ್ ಸೇರಿಸಿ ಪೆಟ್ಟಿಗೆಯಂತೆ ಮುಚ್ಚಿರುತ್ತಾರೆ, ಇಲ್ಲವೇ ಪ್ಲೇಟಿನ ಮೇಲೆ ಪ್ಲೇಟ್ ಕೂರಿಸಿರುತ್ತಾರೆ. ಕೆಸರು ನುಗ್ಗುವುದು, ಒಣಗದೆ ಉಳಿಯುವುದು ಅಲ್ಲಿ. ಆಗುಂಬೆ ಕಡೆ ವರ್ಷಕ್ಕೆ 7000 ಮಿ.ಮೀ. ಮೀರಿ ಸುರಿಯುವ ಮಳೆಯನ್ನು ಎಲ್ಲರೂ ಬೈಯುತ್ತಾರೆ. ಆದರೆ ಬರೀ ಮಳೆನೀರಿಗಿಂತ ಉಪ್ಪು ಬೆರೆತ ನೀರು ಎಷ್ಟೋ ಕೆಟ್ಟದ್ದು. ಕರಾವಳಿಯಲ್ಲಿ ಕಡಲ ಗಾಳಿ, ಮೀನಿನ ಐಸು ಕರಗಿದ ನೀರು. ಘಟ್ಟದ ಮೇಲಿನವರು ತಮಗೆ ಉಪ್ಪಿನ ಕಾಟವಿಲ್ಲ ಅಂದುಕೊಂಡಿರುತ್ತಾರೆ, ಜೀಪಿನಲ್ಲಿ ವರ್ಷವರ್ಷ ಪೊಟ್ಯಾಷ್ ಮೂಟೆ ಹೇರುತ್ತಲೇ ಇರುತ್ತಾರೆ. ತೋಟಕ್ಕೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಉಪ್ಪೇ. ಹರಿದ ಮೂಟೆಯಿಂದ ಉದುರಿದ ಕೆಂಪು ಹರಳು ಫ್ಲೋರಿನ ತೂತಿನಿಂದ ಇಳಿದು ಚಾಸಿಯ ಮೇಲ್ಮೈಯಲ್ಲಿ ಕೂರುತ್ತದೆ. ಗೊಬ್ಬರ ಹೇರಿದ ದಿನವೇ ಜೀಪು ತೊಳೆಯಿರಿ.

ಹುಡುಕುವ ಕೆಲಸ

ಜೀಪನ್ನು ಅಡಿಯಿಂದ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ. ಜಾಕಿ ಎತ್ತಿ ನಾಲ್ಕೂ ಕಡೆ ಸ್ಟ್ಯಾಂಡ್ ಕೊಡಿ. ಬರೀ ಜಾಕಿ ನಂಬಿ ಕೆಳಗೆ ನುಗ್ಗಬೇಡಿ.

ಬೇಕಾದ್ದು ಸಣ್ಣ ಸುತ್ತಿಗೆ, ಹಳೇ ಸ್ಕ್ರೂಡ್ರೈವರ್, ಅಯಸ್ಕಾಂತದ ತುಂಡು, ಸೀಮೆಸುಣ್ಣ. ರೈಲಿನ ಒಂದು ತುದಿಯಿಂದ ಗೇಣಿಗೊಂದರಂತೆ ಸುತ್ತಿಗೆಯಲ್ಲಿ ತಟ್ಟುತ್ತ ಹೋಗಿ. ಗಟ್ಟಿ ಕಬ್ಬಿಣ ‘ಠಣ್’ ಅನ್ನುತ್ತದೆ, ತಿಂದುಹೋದದ್ದು ‘ದಬ್’ ಅನ್ನುತ್ತದೆ. ‘ದಬ್’ ಅಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿ. ಒಳಗೆ ಇಳಿದರೆ ಅಲ್ಲಿ ಕಬ್ಬಿಣ ಇಲ್ಲ, ಬಣ್ಣ ಮಾತ್ರ ಇದೆ. ಅಯಸ್ಕಾಂತ ಬಿಗಿಯಾಗಿ ಅಂಟದ ಜಾಗದಲ್ಲಿ ಹಿಂದಿನವರು ಪುಟ್ಟಿ ಮೆತ್ತಿದ್ದಾರೆ.

ತಪ್ಪದೆ ನೋಡಬೇಕಾದ್ದು ಹಿಂದಿನ ಸ್ಪ್ರಿಂಗ್ ಹ್ಯಾಂಗರ್ ಮತ್ತು ಶ್ಯಾಕಲ್ (ಸ್ಪ್ರಿಂಗ್ ತುದಿಯ ಅಲುಗಾಡುವ ಕೊಂಡಿ) ಕೂರುವ ಜಾಗ, ಎರಡು ರೈಲುಗಳನ್ನು ಜೋಡಿಸುವ ಹಿಂದಿನ ಅಡ್ಡಪಟ್ಟಿ ಅಂದರೆ ಕ್ರಾಸ್ ಮೆಂಬರ್, ಆ್ಯಸಿಡ್ ಸೋರುವ ಬ್ಯಾಟರಿಯ ಕೆಳಭಾಗ, ಸ್ಟೇರಿಂಗ್ ಬಾಕ್ಸ್ ಬೋಲ್ಟಿನ ಸುತ್ತ. ಎರಡು ಪ್ಲೇಟ್ ಕೂಡಿದ ಕಡೆ ಅಂಚಿಗೆ ಕಣ್ಣಿಟ್ಟು ನೋಡಿ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ನಡುವೆ ಬೇಕರಿಯ ಪಫ್ಸಿನಂತೆ ಪದರಪದರವಾಗಿ ಉಬ್ಬಿ, ಪ್ಲೇಟುಗಳನ್ನೇ ಅಗಲಿಸಿರುತ್ತದೆ. ಹೊರಗೆ ಒಂದು ಚುಕ್ಕೆ ತುಕ್ಕು ಇಲ್ಲದಿದ್ದರೂ ಈ ಉಬ್ಬು ಕಂಡರೆ ಒಳಗೆ ಕೆಲಸವಿದೆ.

ಹೆಚ್ಚಿನವರು ನೋಡದೇ ಬಿಡುವ ಜಾಗ ಬಾಡಿಗೂ ಚಾಸಿಗೂ ನಡುವಿನ ಮೌಂಟಿಂಗ್ ರಬ್ಬರಿನ ಅಡಿ. ಆ ರಬ್ಬರ್ ನೀರು ಹಿಡಿದು ಕೂತಿರುತ್ತದೆ. ಒಂದು ಬದಿಯ ಬಾಡಿ ಬೋಲ್ಟುಗಳನ್ನು ಬಿಚ್ಚಿ, ಇನ್ನೊಂದು ಬದಿಯದನ್ನು ಸಡಿಲಿಸಿ, ಮರದ ತುಂಡು ಕೊಟ್ಟು ಬಾಡಿಯನ್ನು ಎರಡು ಇಂಚು ಎತ್ತಿದರೆ ಸಾಕು. ಪೆಟ್ಟಿಗೆಯ ಒಳಗನ್ನು ನೋಡಲು ಮೊಬೈಲಿಗೆ ಜೋಡಿಸುವ ವೈರಿನ ಕ್ಯಾಮೆರಾ ಬಳಸಿ. ಅಗ್ಗದ್ದೇ ಸಾಕು, ನೀರು ಇಳಿದುಹೋಗಲು ಬಿಟ್ಟ ಡ್ರೈನ್ ತೂತಿನಿಂದ ತೂರಿಸಬಹುದು. ಡ್ರೈನ್ ತೂತು ಎಲ್ಲಿದೆ ಎಂದೇ ಗೊತ್ತಾಗದಷ್ಟು ಮಣ್ಣು ಕಟ್ಟಿದ್ದರೆ ನಿಮ್ಮ ಚಾಸಿ ಕೆಡಲು ಕಾರಣ ಅಲ್ಲೇ ಸಿಕ್ಕಿತು.

ಕತ್ತರಿಸಿ, ಬೆಸೆಯುವುದು

ಮೇಲ್ಮೈ ತುಕ್ಕಾದರೆ ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಉಜ್ಜಿ, ಬಣ್ಣ ಹೊಡೆಯಿರಿ. ಮುಗಿಯಿತು. ಮುಂದಿನದು ತೂತು ಬಿದ್ದವರಿಗೆ.

ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ಎರಡೂ ತಂತಿ ಬಿಚ್ಚಿ, ಆಲ್ಟರ್ನೇಟರ್ ಕನೆಕ್ಷನ್ ತೆಗೆಯಿರಿ. ಡೀಸೆಲ್ ಟ್ಯಾಂಕ್ ಇಳಿಸಿ. ಹಳೇ ವಿಲ್ಲಿಸ್ ಮಾದರಿಯಲ್ಲಿ ಅದು ಡ್ರೈವರ್ ಸೀಟಿನ ಅಡಿಯಲ್ಲೇ ಇರುತ್ತದೆ. ಚಾಸಿಗೆ ಅಂಟಿಕೊಂಡು ಹೋಗುವ ಬ್ರೇಕ್ ಪೈಪನ್ನೂ ಸರಿಸಿ. ‘ಒದ್ದೆ ಗೋಣಿ ಹೊದಿಸಿದ್ದೇನೆ ಸಾರ್, ಏನೂ ಆಗಲ್ಲ’ ಅನ್ನುವವರ ಕೈಗೆ ಜೀಪು ಕೊಡಬೇಡಿ.

ಕತ್ತರಿಸುವ ಮೊದಲು ಚಾಸಿಯ ಮೂಲೆಯಿಂದ ಎದುರು ಮೂಲೆಗೆ ಟೇಪ್ ಹಿಡಿದು ಎರಡೂ ಅಳತೆ ಬರೆದಿಡಿ. ಕತ್ತರಿಸುವ ಜಾಗದ ಎರಡೂ ಪಕ್ಕ ಸ್ಟ್ಯಾಂಡ್ ಇರಲಿ. ಇಲ್ಲದಿದ್ದರೆ ರೈಲು ಜಗ್ಗಿ, ಜಗ್ಗಿದ ಹಾಗೆಯೇ ವೆಲ್ಡ್ ಆಗಿಬಿಡುತ್ತದೆ. ಆಮೇಲೆ ಎಷ್ಟು ಅಲೈನ್‌ಮೆಂಟ್ ಮಾಡಿಸಿದರೂ ಜೀಪು ಒಂದು ಕಡೆಗೇ ಎಳೆಯುತ್ತದೆ.

ಎಲ್ಲಿಯವರೆಗೆ ಕತ್ತರಿಸಬೇಕು? ಹೆಚ್ಚಿನ ರಿಪೇರಿ ಕೆಡುವುದು ಇಲ್ಲೇ. ತೂತಿನ ಅಂಚಿನಿಂದ ಸುತ್ತಲೂ ಗ್ರೈಂಡರ್ ಹಿಡಿದು ಬೆಳ್ಳಗೆ ಹೊಳೆಯುವ ಕಬ್ಬಿಣ ಸಿಗುವವರೆಗೆ ಉಜ್ಜಿ. ಹೊಳೆಯುವ ಜಾಗದಲ್ಲೂ ಸಣ್ಣ ಕಪ್ಪು ಕುಳಿಗಳಿದ್ದರೆ ಮುಂದೆ ಹೋಗಿ. ವರ್ನಿಯರ್ ಹಾಕಿ ದಪ್ಪ ನೋಡಿ, ರೈಲಿನ ಗಟ್ಟಿ ಜಾಗದಲ್ಲಿ ಎಷ್ಟಿದೆಯೋ ಅಷ್ಟೇ ಇಲ್ಲಿಯೂ ಸಿಗಬೇಕು. ಸಿಕ್ಕ ಮೇಲೂ ಇನ್ನೊಂದು ಇಂಚು ದಾಟಿ ಕತ್ತರಿಸಿ. ಬೆರಳು ತೂರುವಷ್ಟಿದ್ದ ತೂತು ಅಂಗೈ ಅಗಲವಾಗುತ್ತದೆ. ಟಿಂಕರ್ ಗೊಣಗುತ್ತಾನೆ, ಗೊಣಗಲಿ. ತೆಳ್ಳಗಾದ ಕಬ್ಬಿಣಕ್ಕೆ ವೆಲ್ಡ್ ಹಿಡಿಸಹೋದರೆ ಅದು ಸುಟ್ಟು ತೂತು ದೊಡ್ಡದಾಗುತ್ತದೆ. ಹಿಡಿದರೂ ವೆಲ್ಡಿನ ಪಕ್ಕದಲ್ಲೇ ಹರಿಯುತ್ತದೆ.

ತೇಪೆಯ ಪ್ಲೇಟ್ ಚಾಸಿಯಷ್ಟೇ ದಪ್ಪದ ಮೈಲ್ಡ್ ಸ್ಟೀಲ್ ಆಗಿರಲಿ. ‘ಗಟ್ಟಿ ಇರಲಿ’ ಅಂತ ದುಪ್ಪಟ್ಟು ದಪ್ಪ ಹಾಕಿದರೆ ಆ ಭಾಗ ಬಗ್ಗುವುದಿಲ್ಲ, ಅದರ ಅಂಚಿನಲ್ಲಿ ಚಾಸಿ ಬಿರುಕು ಬಿಡುತ್ತದೆ. ಸತು ಲೇಪಿಸಿದ ಜಿಐ ಶೀಟ್ ಬೇಡವೇ ಬೇಡ: ಅದರ ಸತು ಸುಟ್ಟ ಹೊಗೆ ಕುಡಿದ ವೆಲ್ಡರಿಗೆ ರಾತ್ರಿ ಚಳಿಜ್ವರ ಗ್ಯಾರಂಟಿ. ತೇಪೆಯನ್ನು ಮೇಲೆ ಹೊದಿಸದೆ, ಕತ್ತರಿಸಿದ ಕಿಂಡಿಯೊಳಗೆ ಸುತ್ತ ಒಂದು ಮಿ.ಮೀ. ಸಂದು ಬಿಟ್ಟು ಕೂರುವಂತೆ ಕತ್ತರಿಸಿ. ಮೂಲೆಗಳನ್ನು ದುಂಡಗೆ ಮಾಡಿ. ರೈಲಿಗೆ ನೇರ ಅಡ್ಡಲಾಗಿ ವೆಲ್ಡ್ ಗೆರೆ ಬರಬಾರದು, ಓರೆಯಾಗಿರಲಿ. ಎಲ್ಲ ಎಳೆತ ಬೀಳುವುದು ರೈಲಿನ ಮೇಲಿನ ಮತ್ತು ಕೆಳಗಿನ ಅಂಚಿನ ಮೇಲೆ, ನೇರ ಗೆರೆ ಅಲ್ಲೇ ಸೀಳುತ್ತದೆ.

ಗ್ಯಾಸ್ ವೆಲ್ಡಿಂಗ್ ಬೇಡ, ಕಾವು ಅಗಲಕ್ಕೆ ಹರಡಿ ರೈಲು ಸೊಟ್ಟಗಾಗುತ್ತದೆ. ಆರ್ಕ್ (ಕಡ್ಡಿಯ ಕರೆಂಟ್ ವೆಲ್ಡಿಂಗ್) ಮಾಡುವ ಕೈ ಪಳಗಿದ್ದರೆ ಪರವಾಗಿಲ್ಲ, ಆದರೆ ನನ್ನ ಆಯ್ಕೆ ಸಿಒಟು, ಅಂದರೆ ಇಂಗಾಲದ ಡೈಆಕ್ಸೈಡ್ ಹರಿಸುತ್ತ ತಂತಿಯಿಂದ ಮಾಡುವ ವೆಲ್ಡಿಂಗ್. ಮೊದಲು ಎದುರುಬದುರಾಗಿ ಟ್ಯಾಕ್ (ಹಿಡಿದಿಡುವಷ್ಟೇ ಚುಕ್ಕೆ ವೆಲ್ಡ್) ಹಾಕಿ, ಮೂಲೆಯಳತೆ ಮತ್ತೊಮ್ಮೆ ನೋಡಿ, ಆಮೇಲೆ ಇಂಚು ಇಂಚಾಗಿ, ಒಂದು ಕಡೆ ತಣಿಯಲು ಬಿಟ್ಟು ಇನ್ನೊಂದು ಕಡೆ ತುಂಬುತ್ತ ಬನ್ನಿ. ಒಂದೇ ಉಸಿರಿಗೆ ಎಳೆದ ಉದ್ದ ಗೆರೆ ನೋಡಲು ಚಂದ, ಬಾಳಿಕೆಗೆ ಅಲ್ಲ. ಪುಟ್ಟಿಗೆ ಚಾಸಿಯಲ್ಲಿ ಕೆಲಸವೇ ಇಲ್ಲ.

ಸ್ಟೇರಿಂಗ್ ಬಾಕ್ಸ್ ಅಥವಾ ಹ್ಯಾಂಗರ್ ಕೂರುವ ರೈಲೇ ಕುಂಬಾಗಿದ್ದರೆ ತೇಪೆಯ ಮಾತು ಬಿಟ್ಟುಬಿಡಿ. ಅದಕ್ಕೆ ರೈಲಿನ ತುಂಡನ್ನೇ ಬದಲಿಸಬೇಕು, ಚಾಸಿ ಕೆಲಸವನ್ನೇ ಮಾಡುವವರಿಂದ ಮಾಡಿಸಬೇಕು. ಚಾಸಿ ನಂಬರ್ ಕೊರೆದ ಜಾಗಕ್ಕೆ ಮಾತ್ರ ಗ್ರೈಂಡರ್ ತಾಗಿಸಬೇಡಿ, ಟೇಪ್ ಅಂಟಿಸಿ ಮೊದಲೇ ಮುಚ್ಚಿಡಿ. 15 ವರ್ಷ ತುಂಬಿದ ಗಾಡಿಯ ಆರ್‌ಸಿ ರಿನ್ಯೂವಲ್ಲಿಗೆ ಹೋದಾಗ ನಂಬರ್ ಓದಲು ಬಾರದಿದ್ದರೆ ಆರ್‌ಟಿಒ ಕಚೇರಿಗೆ ಅಲೆದಾಟ ತಪ್ಪಿದ್ದಲ್ಲ.

ಬಣ್ಣಕ್ಕಿಂತ ಮುಖ್ಯ ಒಳಗು

ಹೊರಗೆ ವೆಲ್ಡ್ ಮಾಡಿದಾಗ ರೈಲಿನ ಒಳಬದಿಯ ಬಣ್ಣವೂ ಸುಟ್ಟಿರುತ್ತದೆ. ಮುಂದಿನ ತುಕ್ಕು ಶುರುವಾಗುವುದು ಅಲ್ಲಿಂದಲೇ, ಆದರೆ ಕಾಣುವುದಿಲ್ಲವೆಂದು ಬಹಳ ಜನ ಬಿಟ್ಟುಬಿಡುತ್ತಾರೆ. ಹೊರಗಿನ ಬಣ್ಣ ಪೂರ್ತಿ ಒಣಗಿದ ಮೇಲೆ ಕ್ಯಾವಿಟಿ ವ್ಯಾಕ್ಸ್ (ಪೆಟ್ಟಿಗೆಯ ಒಳಗೆ ಹೊಡೆಯುವ ತುಕ್ಕುನಿರೋಧಕ ಮೇಣ) ಡಬ್ಬಿಗೆ ಉದ್ದ ನಳಿಗೆ ಜೋಡಿಸಿ, ಡ್ರೈನ್ ತೂತಿನಿಂದ ತೂರಿಸಿ, ಹೊಡೆಯುತ್ತ ನಿಧಾನಕ್ಕೆ ಹಿಂದಕ್ಕೆ ಎಳೆಯಿರಿ. ಸಂದುಗಳಿಂದ ಮೇಣ ಜಿನುಗಿದರೆ ಒಳಗೆ ತಲುಪಿದೆ ಎಂದರ್ಥ. ಆಮೇಲೆ ಡ್ರೈನ್ ತೂತನ್ನು ತಂತಿಯಿಂದ ಬಿಡಿಸಿ.

ಹೊರಗೆ ಎಪಾಕ್ಸಿ ಪ್ರೈಮರ್ ಎರಡು ಕೋಟು, ಮೇಲೆ ಚಾಸಿ ಬ್ಲ್ಯಾಕ್. ಬರೀ ರೆಡ್ ಆಕ್ಸೈಡ್ ಹೊಡೆದು ಬಿಟ್ಟರೆ ನಮ್ಮ ಮಳೆಗೆ ತಡೆಯುವುದಿಲ್ಲ. ತುಕ್ಕನ್ನು ಗಟ್ಟಿ ಪದರವಾಗಿ ಬದಲಿಸುವ ರಸ್ಟ್ ಕನ್ವರ್ಟರ್ ದ್ರಾವಣವನ್ನು ತೆಳು ತುಕ್ಕಿಗೆ ಮಾತ್ರ ಬಳಸಿ, ದಪ್ಪ ಪದರದ ತಳಕ್ಕೆ ಅದು ಇಳಿಯುವುದಿಲ್ಲ. ಫಾಸ್ಫಾರಿಕ್ ಆ್ಯಸಿಡ್ಡಿನದಾದರೆ ಡಬ್ಬಿಯ ಮೇಲೆ ಹೇಳಿದಂತೆ ತೊಳೆದು ಒಣಗಿಸಿಯೇ ಎಪಾಕ್ಸಿ ಹೊಡೆಯಿರಿ. ಇನ್ನೊಂದು ಬಗೆಯದು ಟ್ಯಾನಿನ್‌ನದು. ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರು ಚೆಲ್ಲಿದ ಕಬ್ಬಿಣ ಕಪ್ಪಾಗುವುದೂ ಅದೇ ಟ್ಯಾನಿನ್‌ನಿಂದ. ಹಾಗಂತ ಚಾಸಿಗೆ ಚೊಗರು ಬಳಿಯಲು ಹೋಗಬೇಡಿ.

ಮಳೆಗೆ ಮುಂಚೆ ವೇಸ್ಟ್ ಆಯಿಲ್ ಹೊಡೆಸುವ ಪದ್ಧತಿಯನ್ನೂ ನಾನು ಒಪ್ಪುವುದಿಲ್ಲ. ಧೂಳು ಮೆತ್ತಿ ಕೆಸರಾಗುತ್ತದೆ, ರಬ್ಬರ್ ಬುಷ್ ಉಬ್ಬುತ್ತದೆ, ಉಳಿದದ್ದು ತೊಳೆದು ಬಾವಿ ಸೇರುತ್ತದೆ. ತುಕ್ಕಿನ ಮೇಲೆಯೇ ಟಾರಿನಂಥ ಅಂಡರ್ ಕೋಟ್ ಹೊಡೆಸುವುದು ಇನ್ನೂ ಕೆಟ್ಟದ್ದು. ಅದು ನೀರನ್ನು ಒಳಗೇ ಹಿಡಿದಿಟ್ಟು, ಹಾಳಾದದ್ದು ಕಾಣದಂತೆ ಮುಚ್ಚುತ್ತದೆ.

ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಜೂನ್‌ನಲ್ಲಿ ಉಜ್ಜಿದ ಕಬ್ಬಿಣ ಪ್ರೈಮರ್ ಕಲಸುವಷ್ಟರಲ್ಲಿ ಕೆಂಪಾಗಿರುತ್ತದೆ. ಬಾಡಿ ಇಳಿಸುವಾಗ ಹಳೇ ಮೌಂಟಿಂಗ್ ರಬ್ಬರ್ ಎಸೆದು ಹೊಸದು ಹಾಕಿ, ಬೋಲ್ಟುಗಳಿಗೆ ಗ್ರೀಸ್ ಹಚ್ಚಿ ಕೂರಿಸಿ. ಹೊಸ ರಬ್ಬರ್ ಒತ್ತಿ ಕೂರುವುದರಿಂದ ಬೋಲ್ಟು ಸಡಿಲವಾಗುತ್ತವೆ, 500 ಕಿ.ಮೀ. ಓಡಿದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಬಿಗಿ ಮಾಡಿ.